ಮನಾಮದ ಯಹೂದಿಗಳು ಮತ್ತು ನ್ಯಾನ್ಸಿ ಖದೂರಿ: ಚಿಕ್ಕ ಸಮುದಾಯದ ಚರಿತ್ರೆಗೆ ಆಕರ ಯಾವುದು?

ಕೊಲ್ಲಿಯ ಅರಬ್ ದೇಶಗಳಲ್ಲಿ ತಲೆಮಾರುಗಳಿಂದ ನೆಲೆನಿಂತು, ಅಲ್ಲಿನ ಪ್ರಜೆಗಳೇ ಆಗಿ ಉಳಿದಿರುವ ಯಹೂದಿ ಸಮುದಾಯ ಇರುವುದು ಬಹರೈನಿನಲ್ಲಿ ಮಾತ್ರ. ಇಂದು ಅವರ ಸಂಖ್ಯೆ ಐವತ್ತರ ಆಸುಪಾಸು. ಈ ಸಮುದಾಯದ ಚರಿತ್ರೆಯನ್ನು ಪುಸ್ತಕವಾಗಿಸಿದವರು ಅದೇ ಸಮುದಾಯದ ನ್ಯಾನ್ಸಿ ಖದೂರಿ. 2007ರಲ್ಲಿ ಪ್ರಕಟವಾದ ಅವರ ‘ಫ್ರಂ ಅವರ್ ಬಿಗಿನಿಂಗ್ ಟು ಪ್ರೆಸೆಂಟ್ ಡೇ’ ವಿಶ್ವವಿದ್ಯಾಲಯದ ಪೀಠದಿಂದ ಬಂದ ಗ್ರಂಥವಲ್ಲ. ಆದರೂ ಅದನ್ನು ಬದಿಗಿಟ್ಟು ಮನಾಮದ ಯಹೂದಿಗಳ ಬಗ್ಗೆ ಬರೆಯಲಾಗದು ಎಂಬುದು ನನ್ನ ಖಚಿತ ನಿಲುವು.

19ನೇ ಶತಮಾನದ ಕೊನೆಯ ದಶಕಗಳಲ್ಲಿ ಬಾಗ್ದಾದ್, ಬಸ್ರಾ ಕಡೆಯಿಂದ ಬಂದ ಕುಟುಂಬಗಳು ಮನಾಮದ ಪೇಟೆಯಲ್ಲಿ ಬಟ್ಟೆ ವ್ಯಾಪಾರ, ನಾಣ್ಯ ವಿನಿಮಯ ಹಿಡಿದವು. 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ಭಾರತ ಸರ್ಕಾರಕ್ಕಾಗಿ ಜೆ. ಜಿ. ಲೋರಿಮರ್ ಸಿದ್ಧಪಡಿಸಿದ ಕೊಲ್ಲಿಯ ಗೆಜೆಟಿಯರಿನಲ್ಲಿ ಅವರ ಸಂಖ್ಯೆ ಸುಮಾರು 50 ಎಂದಿದೆ. ಆಡಳಿತಕ್ಕೆ ಬೇಕಿದ್ದುದು ತಲೆಯೆಣಿಕೆ. ಯಾವ ಮನೆಗೆ ಯಾರು ಸೊಸೆಯಾಗಿ ಬಂದರು, ಯಾರ ಅಂಗಡಿ ಯಾರ ಪಕ್ಕದಲ್ಲಿತ್ತು ಎಂಬುದೆಲ್ಲ ಅಂಥ ಕಡತಕ್ಕೆ ಬೇಡವಾದ ಸಂಗತಿ.

ಬೇಡವಾದದ್ದೇ ಚರಿತ್ರೆಯಾಗಬಲ್ಲದು ಎಂದು ತೋರಿಸಿಕೊಟ್ಟವರು ಚರಿತ್ರೆಕಾರ ಎಸ್. ಡಿ. ಗಾಯ್‌ಟೈನ್ (1900–1985). ದೇವರ ಹೆಸರಿರುವ ಕಾಗದವನ್ನು ನಾಶ ಮಾಡಬಾರದೆಂಬ ನಂಬಿಕೆಯಿಂದ ಕೈರೋ ಬಳಿಯ ಫುಸ್ತಾತಿನಲ್ಲಿ, ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಶತಮಾನಗಳ ಕಾಲ ತುಂಬಿಟ್ಟ ಹಳೆಯ ಕಾಗದಗಳಿಂದ ಅವರು ಮಧ್ಯಯುಗದ ವ್ಯಾಪಾರಿ ಲೋಕವನ್ನು ಕಟ್ಟಿಕೊಟ್ಟರು. ನಮ್ಮ ಮಂಗಳೂರೂ ಅದರಲ್ಲಿದೆ. 12ನೇ ಶತಮಾನದಲ್ಲಿ ಅಲ್ಲಿ ನೆಲೆಸಿದ್ದ ಟುನೀಸಿಯಾ ಮೂಲದ ಅಬ್ರಹಾಂ ಬೆನ್ ಯಿಜುವಿಗೆ ಏಡನ್ನಿನ ವ್ಯಾಪಾರಿ ಮಿತ್ರರು ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ ಕಳಿಸುತ್ತಿದ್ದರು. ಇವನಿಂದ ಅಲ್ಲಿಗೆ ಅಡಿಕೆ, ಮೆಣಸು, ಕಬ್ಬಿಣ ಹೋಗುತ್ತಿತ್ತು. ಬಂದ ಪತ್ರದ ಖಾಲಿ ಜಾಗದಲ್ಲಿ ಅವನು ತನ್ನ ಲೆಕ್ಕ ಬರೆದುಕೊಳ್ಳುತ್ತಿದ್ದ. ಅಶು ಎಂಬ ಸ್ಥಳೀಯ ದಾಸಿಯನ್ನು 1132ರಲ್ಲಿ ಬಿಡುಗಡೆ ಮಾಡಿದ ಪತ್ರವೂ ಉಳಿದಿದೆ. ಅವನ ಆಳು ಬೊಮ್ಮನ ಜಾಡು ಹಿಡಿದು ಕಾದಂಬರಿಕಾರ ಅಮಿತಾವ್ ಘೋಷ್ ಮಂಗಳೂರಿಗೆ ಬಂದದ್ದು, ತುಳು ವಿದ್ವಾಂಸ ಬಿ. ಎ. ವಿವೇಕ ರೈ ಅವರ ನೆರವು ಪಡೆದದ್ದು ಗಾಯ್‌ಟೈನರ ಕೆಲಸದ ಫಲವೇ.

ಮನಾಮದಲ್ಲಿ ಅಂಥ ಕಾಗದದ ರಾಶಿಯಿಲ್ಲ. ಆ ಕೊರತೆಯನ್ನು ಅಷ್ಟಿಷ್ಟು ತುಂಬುವುದು ಮನೆಮನೆಯ ನೆನಪು. ಖದೂರಿಯವರ ಪುಸ್ತಕ ನನಗೆ ಮುಖ್ಯವಾಗುವುದು ಇಲ್ಲಿ. ನೆನಪನ್ನು ಆಕರವೆಂದು ಒಪ್ಪಿಕೊಂಡ ಮೇಲೆ ಅದನ್ನು ಪರೀಕ್ಷಿಸಲೂ ಬೇಕು. 1947ರ ಡಿಸೆಂಬರ್ ಗಲಭೆಯನ್ನೇ ನೋಡೋಣ. ಪ್ಯಾಲೆಸ್ಟೈನ್ ವಿಭಜನೆಗೆ ವಿಶ್ವಸಂಸ್ಥೆ ಒಪ್ಪಿದ್ದು ನವೆಂಬರ್ 29ರಂದು. ವಾರದೊಳಗೆ ಮನಾಮದಲ್ಲಿ ಯಹೂದಿಗಳ ಮನೆ, ಅಂಗಡಿಗಳ ಲೂಟಿಯಾಯಿತು, ಸಿನಗಾಗ್ ನಾಶವಾಯಿತು, ಒಬ್ಬ ಮಹಿಳೆ ಪ್ರಾಣ ಕಳೆದುಕೊಂಡರು. ದಾಳಿ ಮಾಡಿದವರು ಹೊರಗಿನವರು, ನೆರೆಯ ಮುಸ್ಲಿಮರು ಆಶ್ರಯ ಕೊಟ್ಟರು ಎಂದು ಸಮುದಾಯದವರು ಹೇಳುತ್ತ ಬಂದಿದ್ದಾರೆ. ಅರಬ್ ಪ್ರಮುಖರು ಆಘಾತಗೊಂಡರು, ಸಾಧ್ಯವಾದ ಕಡೆ ನೆರೆಯವರನ್ನು ಕಾಪಾಡಿದರು ಎಂದು ಅಂದಿನ ದೊರೆಯ ಸಲಹೆಗಾರ ಚಾರ್ಲ್ಸ್ ಬೆಲ್‌ಗ್ರೇವ್ ಕೂಡ ಬರೆದಿದ್ದಾನೆ. ಆದರೆ ಗುಂಪಿನಲ್ಲಿ ಪರಊರಿನ ನಾವಿಕರ ಜೊತೆಗೆ ಸ್ಥಳೀಯರೂ ಇದ್ದರೆಂಬುದು ಅವನ ಮಾತು. ಆಶ್ರಯದ ವಿಷಯದಲ್ಲಿ ಎರಡೂ ಆಕರ ಒಂದಾಗುತ್ತವೆ, ಅದನ್ನು ನಂಬಬಹುದು. ತಪ್ಪಿತಸ್ಥರ ವಿಷಯದಲ್ಲಿ ಬೇರೆಯಾಗುತ್ತವೆ. ಅಲ್ಲೇ ಉಳಿದು ಬಾಳಬೇಕಾದವರ ನೆನಪು ನೆರೆಹೊರೆಯನ್ನು ಉಳಿಸಿಕೊಳ್ಳುವ ಕಡೆಗೆ ವಾಲುವುದು ಸಹಜ. ಅದನ್ನು ಸುಳ್ಳೆಂದು ತಳ್ಳುವುದು ತಪ್ಪು, ಅದೊಂದನ್ನೇ ಹಿಡಿದು ಬರೆಯುವುದೂ ತಪ್ಪು.

1948ರ ನಂತರ, ಮತ್ತೆ 1967ರ ಯುದ್ಧದ ನಂತರ ಬಹುಪಾಲು ಕುಟುಂಬಗಳು ದೇಶ ಬಿಟ್ಟವು. ಉಳಿದವರಲ್ಲಿ ಹುದಾ ನೂನೂ 2008ರಲ್ಲಿ ಅಮೆರಿಕಕ್ಕೆ ಬಹರೈನಿನ ರಾಯಭಾರಿಯಾದರು. ಖದೂರಿ 2010ರಲ್ಲಿ, ದೊರೆ ನೇಮಿಸುವ ಶೂರಾ ಪರಿಷತ್ತಿನ ಸದಸ್ಯೆಯಾದರು. ಹೀಗಾಗಿ ಅವರ ಪುಸ್ತಕವನ್ನು ಈಗ ಓದುವವರು ಸರ್ಕಾರಕ್ಕೆ ಹತ್ತಿರವಿರುವವರ ದನಿಯೆಂಬ ಎಚ್ಚರದಿಂದಲೂ ಓದಬೇಕು. 2009ರಲ್ಲಿ ಬಂದ ನೆಲಿಡಾ ಫುಕಾರೊ ಅವರ ಮನಾಮ ನಗರದ ಚರಿತ್ರೆಯನ್ನು ಜೊತೆಗಿಟ್ಟುಕೊಂಡರೆ ಓದು ಹದವಾಗುತ್ತದೆ. ಇನ್ನು ಆಗಬೇಕಾದ ಕೆಲಸ ಬಹರೈನಿನ ಹೊರಗಿದೆ: ಬ್ರಿಟನ್, ಅಮೆರಿಕ ಸೇರಿದವರ ಮಾತನ್ನು ದಾಖಲಿಸಬೇಕು. 1947ನ್ನು ಕಣ್ಣಾರೆ ಕಂಡವರಿಗೆ ಈಗ ಎಂಬತ್ತು ದಾಟಿದೆ.