ಮೋಟು ನಳಿಗೆಯ ಹಳೆಯ ಜಗಳ

1907ರಲ್ಲಿ ಕುಮಾವೂಂ ಬೆಟ್ಟಗಳ ಚಂಪಾವತ್ ಬಳಿ ಜಿಮ್ ಕಾರ್ಬೆಟ್ ಒಂದು ಹೆಣ್ಣುಹುಲಿಯನ್ನು ಕೊಂದರು. ಆ ಹುಲಿ ಬಲಿ ತೆಗೆದುಕೊಂಡಿತ್ತೆನ್ನಲಾದ ಜನರ ಸಂಖ್ಯೆ 436. ಸತ್ತ ಹುಲಿಯ ಬಾಯಿ ತೆರೆದು ನೋಡಿದರೆ ಬಲಬದಿಯ ಮೇಲಿನ ಕೋರೆಹಲ್ಲು ಅರ್ಧಕ್ಕೆ ಮುರಿದಿತ್ತು. ಕೆಳಗಿನದು ಬುಡದವರೆಗೂ ಹೋಗಿತ್ತು. ಹಿಂದೆಂದೋ ಯಾರೋ ಹಾರಿಸಿದ ಗುಂಡು ಮಾಡಿದ ಗಾಯವದು. ಕಾಡಿನಲ್ಲಿ ಸಹಜ ಬೇಟೆ ಸಾಧ್ಯವಾಗದ ಹುಲಿ ಮನುಷ್ಯರ ಮೇಲೆರಗಿತು ಎಂಬುದು ಕಾರ್ಬೆಟ್ಟರ ತೀರ್ಮಾನ.

ಪ್ರಾಣಿಯನ್ನು ಕೊಲ್ಲದೆ ಬರೀ ಗಾಯಗೊಳಿಸುವ ಗುಂಡು ಎಷ್ಟು ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಹೀಗಾಗಿಯೇ ಬೇಟೆಗಾರರಿಗೆ ತಮ್ಮ ಕೋವಿಯ ಶಕ್ತಿಯ ಬಗ್ಗೆ ಸದಾ ಚಿಂತೆ. ಆ ಚಿಂತೆಯಿಂದ ಹುಟ್ಟಿದ ನಂಬಿಕೆಗಳಲ್ಲಿ ಒಂದು, ನಳಿಗೆ ಉದ್ದವಿದ್ದಷ್ಟೂ ಗುಂಡಿನ ಜೋರು ಹೆಚ್ಚು ಎಂಬುದು. ನಳಿಗೆಯನ್ನು ಮೋಟು ಮಾಡಿದರೆ ಗುಂಡು ಬಡವಾಗುತ್ತದೆ ಎಂಬುದು ಅದರ ಇನ್ನೊಂದು ಮುಖ. ಈ ನಂಬಿಕೆ ಎಷ್ಟರಮಟ್ಟಿಗೆ ನಿಜ? ಈ ಪ್ರಶ್ನೆಗೆ ಸುಮಾರು 280 ವರ್ಷಗಳ ಇತಿಹಾಸವಿದೆ.

ತೂಗುವ ಮರದ ದಿಮ್ಮಿ

ಗುಂಡಿನ ವೇಗವನ್ನು ಅಳೆಯಲು ಸಾಧ್ಯವಾಗುವವರೆಗೆ ಈ ವಾದಕ್ಕೆ ಆಧಾರವೇ ಇರಲಿಲ್ಲ. ಕಣ್ಣಿಗೆ ಕಾಣದ್ದನ್ನು ಅಳೆಯುವುದು ಹೇಗೆ? ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ ಇದಕ್ಕೆ ಸರಳವಾದ ಉಪಾಯ ಕಂಡುಕೊಂಡರು. ಭಾರವಾದ ಮರದ ದಿಮ್ಮಿಯೊಂದನ್ನು ಗಡಿಯಾರದ ಲೋಲಕದಂತೆ ತೂಗುಹಾಕಿ ಅದಕ್ಕೆ ಗುಂಡು ಹೊಡೆದರು. ಗುಂಡು ಹೊಕ್ಕ ದಿಮ್ಮಿ ಎಷ್ಟು ಹಿಂದಕ್ಕೆ ತೂಗಿತು ಎಂದು ಅಳೆದು, ದಿಮ್ಮಿಯ ತೂಕ ಮತ್ತು ಗುಂಡಿನ ತೂಕಗಳಿಂದ ವೇಗವನ್ನು ಲೆಕ್ಕ ಹಾಕಿದರು. ಆ ಕಾಲದ ಬಂದೂಕಿನ ಗುಂಡು ಸೆಕೆಂಡಿಗೆ 1,600 ಅಡಿಗೂ ಹೆಚ್ಚು ವೇಗದಲ್ಲಿ ಹೊರಬೀಳುತ್ತದೆ ಎಂದು ಗೊತ್ತಾದಾಗ ವಿದ್ವಾಂಸರು ಬೆರಗಾದರು. ಇದೆಲ್ಲ 1742ರಲ್ಲಿ ಪುಸ್ತಕವಾಗಿ ಬಂತು. ಮಹಾನ್ ಗಣಿತಜ್ಞ ಆಯ್ಲರ್ ಅದನ್ನು ಜರ್ಮನ್ ಭಾಷೆಗೆ ತಂದು ಟಿಪ್ಪಣಿ ಬರೆದರು.

ಕುತೂಹಲದ ಸಂಗತಿಯೆಂದರೆ, ಈ ರಾಬಿನ್ಸ್ ತೀರಿಕೊಂಡದ್ದು ನಮ್ಮ ದೇಶದಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಬಲಪಡಿಸಲು ಬಂದಿದ್ದ ಅವರು 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ಸತ್ತರು.

ರಾಬಿನ್ಸರ ಕೆಲಸವನ್ನು ಮುಂದುವರಿಸಿದವರು ವುಲಿಚ್ ಸೇನಾ ಶಾಲೆಯ ಚಾರ್ಲ್ಸ್ ಹಟ್ಟನ್. 1780ರ ದಶಕದಲ್ಲಿ ಅವರು ಬೇರೆ ಬೇರೆ ಉದ್ದದ ಸಣ್ಣ ತೋಪುಗಳಿಂದ ಗುಂಡು ಹಾರಿಸಿ ನೋಡಿದರು. ನಳಿಗೆ ಉದ್ದವಾದಂತೆ ವೇಗ ಹೆಚ್ಚುವುದು ನಿಜ, ಆದರೆ ಉದ್ದ ಹೆಚ್ಚಿದ ಪ್ರಮಾಣದಲ್ಲಿ ಅಲ್ಲ ಎಂದು ಅವರು ಕಂಡರು. ಉದ್ದದ ವರ್ಗಮೂಲಕ್ಕಿಂತ ತುಸು ಕಡಿಮೆ, ಘನಮೂಲಕ್ಕಿಂತ ತುಸು ಹೆಚ್ಚು ಎಂಬುದು ಅವರ ಲೆಕ್ಕ. ಸರಳವಾಗಿ ಹೇಳುವುದಾದರೆ, ನಳಿಗೆಯನ್ನು ಎರಡು ಪಟ್ಟು ಉದ್ದ ಮಾಡಿದರೂ ವೇಗ ಎರಡು ಪಟ್ಟಾಗುವುದಿಲ್ಲ. ನೂರಕ್ಕೆ 26ರಿಂದ 41ರಷ್ಟು ಮಾತ್ರ ಹೆಚ್ಚುತ್ತದೆ.

ನಳಿಗೆಯೊಳಗೆ ನಡೆಯುವುದೇನು?

ಕುದುರೆ ಎಳೆದೊಡನೆ ತೋಟಾದೊಳಗಿನ ಮದ್ದು ಉರಿದು ಅನಿಲವಾಗುತ್ತದೆ. ಆ ಅನಿಲ ಗುಂಡನ್ನು ಮುಂದೆ ತಳ್ಳುತ್ತದೆ. ಗುಂಡು ನಳಿಗೆಯಲ್ಲಿ ಮೊದಲ ಕೆಲವೇ ಇಂಚು ಸಾಗುವಷ್ಟರಲ್ಲಿ ಒತ್ತಡ ತುದಿ ಮುಟ್ಟುತ್ತದೆ. ಆಮೇಲೆ ಗುಂಡು ಮುಂದೆ ಹೋದಂತೆಲ್ಲ ಅದರ ಹಿಂದಿನ ಜಾಗ ದೊಡ್ಡದಾಗಿ ಒತ್ತಡ ಇಳಿಯುತ್ತ ಹೋಗುತ್ತದೆ. ಗುಂಡಿನ ವೇಗ ಏರುತ್ತಲೇ ಇರುತ್ತದೆ. ಆದರೆ ಪ್ರತಿ ಇಂಚಿಗೆ ಸಿಗುವ ಲಾಭ ಕಡಿಮೆಯಾಗುತ್ತದೆ. ಕೊನೆಯಲ್ಲಿ ಅನಿಲದ ತಳ್ಳುವಿಕೆ ನಳಿಗೆಯ ಉಜ್ಜಾಟಕ್ಕೆ ಸಮನಾಗುವ ಹಂತವೂ ಉಂಟು. ಅದರಾಚೆ ನಳಿಗೆ ಬೆಳೆದರೆ ಗುಂಡಿಗೆ ನಷ್ಟವೇ. ಪುಟ್ಟ .22 ತೋಟಾಕ್ಕೆ ಈ ಹಂತ 16ರಿಂದ 19 ಇಂಚಿನ ಆಸುಪಾಸಿನಲ್ಲೇ ಬಂದುಬಿಡುತ್ತದೆ. ಮದ್ದು ಹೆಚ್ಚಿರುವ ದೊಡ್ಡ ತೋಟಾಗಳಲ್ಲಿ ಆ ಹಂತ ತುಂಬ ದೂರ.

ಹೀಗೆ ನೋಡಿದರೆ ನಳಿಗೆಯ ಉದ್ದ ಒಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. ಒಳಗೆ ಉರಿಯುವ ಮದ್ದು ಎಂಥದು ಎಂಬುದೂ ಮುಖ್ಯ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದರು. ಎರಡೇ ವರ್ಷದಲ್ಲಿ ಫ್ರೆಂಚ್ ಸೈನ್ಯದ ಕೈಗೆ ಲೆಬೆಲ್ ರೈಫಲ್ ಬಂತು. ಹಳೆಯ ಕರಿಮದ್ದಿಗಿಂತ ಇದು ಹೆಚ್ಚು ಶಕ್ತಿಶಾಲಿ. ಅದು ಉರಿಯುವ ಗತಿಯನ್ನು ಬೇಕಾದಂತೆ ಹೊಂದಿಸಬಹುದಿತ್ತು. ನಳಿಗೆ ಮೋಟಾಗಲು ದಾರಿ ತೆರೆದದ್ದು ಇಲ್ಲಿಂದ.

ಐದು ಇಂಚಿನ ಗದ್ದಲ

ಬ್ರಿಟಿಷ್ ಸೈನ್ಯದ ಲೀ-ಮೆಟ್‌ಫರ್ಡ್ ರೈಫಲ್‌ಗೆ 30.2 ಇಂಚಿನ ನಳಿಗೆಯಿತ್ತು. ಕಾಲಾಳಿಗೆ ಉದ್ದ ರೈಫಲ್, ಕುದುರೆ ಸವಾರನಿಗೆ ಮೋಟು ಕಾರ್ಬೈನ್ ಎಂಬುದು ಆಗಿನ ಪದ್ಧತಿ. 1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧದ ಅನುಭವದ ನಂತರ ಎಲ್ಲರಿಗೂ ಒಂದೇ ರೈಫಲ್ ಸಾಕು ಎಂದು ತೀರ್ಮಾನವಾಗಿ, 1903ರಲ್ಲಿ 25.2 ಇಂಚಿನ ನಳಿಗೆಯ ಲೀ-ಎನ್‌ಫೀಲ್ಡ್ ಬಂತು.

ಐದೇ ಇಂಚು ಕಡಿಮೆಯಾದದ್ದು. ಆದರೆ ಗದ್ದಲ ಐದಾರು ವರ್ಷ ನಡೆಯಿತು. ಗುರಿ ಹೊಡೆಯುವವರಿಗೆ ಇದು ತೀರಾ ಮೋಟು, ಸವಾರರಿಗೆ ತೀರಾ ಉದ್ದ ಎಂದು ತಜ್ಞರು ಟೀಕಿಸಿದರು.

ಮುಂದೆ ನಡೆದದ್ದು ಟೀಕಾಕಾರರು ನಿರೀಕ್ಷಿಸಿರದ ಸಂಗತಿ. ಹಳೆಯ ತೋಟಾದಲ್ಲಿ 215 ಗ್ರೇನ್ ತೂಕದ ಮೊಂಡು ಮೂತಿಯ ಗುಂಡಿತ್ತು. ಉದ್ದ ನಳಿಗೆಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 2,060 ಅಡಿ. 1910ರಲ್ಲಿ 174 ಗ್ರೇನ್‌ನ ಚೂಪು ಗುಂಡು ಬಂತು. ಮೋಟು ನಳಿಗೆಯಿಂದಲೇ ಅದು ಸುಮಾರು 2,440 ಅಡಿ ವೇಗದಲ್ಲಿ ಹೊರಬಿತ್ತು! ನಳಿಗೆ ಮೋಟಾದರೂ ವೇಗ ಏರಿತು. ಬದಲಾದದ್ದು ಗುಂಡು ಮತ್ತು ಮದ್ದು. ಅದೇ ತೋಟಾವನ್ನು ಉದ್ದ ನಳಿಗೆಯಲ್ಲಿ ಹಾರಿಸಿದ್ದರೆ ಇನ್ನೊಂದಿಷ್ಟು ವೇಗ ಸಿಗುತ್ತಿತ್ತು ಎಂಬುದೂ ಸತ್ಯವೇ. ಆದರೆ ಐದು ಇಂಚು ಉಳಿಸಿಕೊಡುತ್ತಿದ್ದುದಕ್ಕಿಂತ ಹೊಸ ತೋಟಾ ಕೊಟ್ಟದ್ದು ಬಹಳ ಹೆಚ್ಚು.

1944ರಲ್ಲಿ ಇದೇ ಕುಟುಂಬದ ಇನ್ನೂ ಮೋಟಾದ ರೈಫಲ್ ಹುಟ್ಟಿತು. ಕಾಡಿನ ಯುದ್ಧಕ್ಕೆಂದು ಮಾಡಿದ ಇದರ ನಳಿಗೆ ಹೆಚ್ಚುಕಡಿಮೆ 18.75 ಇಂಚು. ಹೆಸರೇ ಜಂಗಲ್ ಕಾರ್ಬೈನ್. ಗುಂಡಿನ ವೇಗದ ನಷ್ಟವನ್ನು ಸೈನಿಕರು ಅಷ್ಟಾಗಿ ದೂರಲಿಲ್ಲ. ಅವರ ದೂರು ಬೇರೆಯದೇ ಇತ್ತು. ಹಗುರ ರೈಫಲ್ ಭುಜಕ್ಕೆ ಬಲವಾಗಿ ಒದೆಯುತ್ತಿತ್ತು. ನಳಿಗೆಯ ಬಾಯಲ್ಲಿ ಬೆಂಕಿ ಚಿಮ್ಮುತ್ತಿತ್ತು. ಅದನ್ನು ಮರೆಮಾಡಲು ಆಲಿಕೆಯಂಥ ಮೂತಿ ಜೋಡಿಸಬೇಕಾಯಿತು. ಗುರಿ ದಿನದಿಂದ ದಿನಕ್ಕೆ ಜಾರುತ್ತದೆ ಎಂಬ ಅಪವಾದವೂ ಅದಕ್ಕೆ ಅಂಟಿಕೊಂಡಿತು.

ಬೇಟೆಗಾರನ ಲೆಕ್ಕ

ಸೈನ್ಯದ ರೈಫಲ್‌ಗಳೇ ಎರಡನೇ ಮಹಾಯುದ್ಧದ ಬಳಿಕ ಅಗ್ಗದ ಬೆಲೆಗೆ ಮಾರಾಟವಾಗಿ, ನಳಿಗೆ ಕತ್ತರಿಸಿಕೊಂಡು ಅಮೆರಿಕ, ಕೆನಡಾಗಳಲ್ಲಿ ಬೇಟೆಯ ರೈಫಲ್‌ಗಳಾದವು. ಅದಕ್ಕೂ ಮೊದಲೇ, 1894ರ ವಿಂಚೆಸ್ಟರ್ ರೈಫಲ್ 26 ಇಂಚಿನ ನಳಿಗೆಯಲ್ಲೂ 20 ಇಂಚಿನ ಕಾರ್ಬೈನ್ ರೂಪದಲ್ಲೂ ಸಿಗುತ್ತಿತ್ತು. ಜಿಂಕೆ ಬೇಟೆಗಾರರು ಹೆಚ್ಚು ಮೆಚ್ಚಿದ್ದು ಮೋಟಾದುದನ್ನೇ.

ಈಗ ಒಂದು ಲೆಕ್ಕ ನೋಡೋಣ. ಅಮೆರಿಕದಲ್ಲಿ ಬಹುಜನಪ್ರಿಯವಾದ .30-06 ತೋಟಾದ ವೇಗವನ್ನು ತಯಾರಕರು 24 ಇಂಚಿನ ಪರೀಕ್ಷಾ ನಳಿಗೆಯಲ್ಲಿ ಅಳೆಯುತ್ತಾರೆ. 180 ಗ್ರೇನ್ ಗುಂಡಿಗೆ ಅದು ಸೆಕೆಂಡಿಗೆ ಸುಮಾರು 2,700 ಅಡಿ. ಇಂಥ ತೋಟಾಗಳಲ್ಲಿ ಪ್ರತಿ ಇಂಚಿಗೆ 25 ಅಡಿಯಷ್ಟು ವೇಗ ಕಡಿಮೆಯಾಗುತ್ತದೆ ಎಂಬುದು ರೂಢಿಯ ಅಂದಾಜು. ನಳಿಗೆಯನ್ನು 20 ಇಂಚಿಗೆ ಇಳಿಸಿದರೆ ವೇಗ 2,600 ಅಡಿಗೆ ಇಳಿದೀತು. ಅಂದರೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಹೊಡೆತದ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ ಅದು ನೂರಕ್ಕೆ ಏಳರಷ್ಟು ಕುಸಿಯುತ್ತದೆ. 100 ಗಜಕ್ಕೆ ಗುರಿ ಹೊಂದಿಸಿದ ರೈಫಲ್‌ನಲ್ಲಿ 200 ಗಜದ ದೂರಕ್ಕೆ ಗುಂಡು ಮೊದಲಿಗಿಂತ ಅರ್ಧ ಇಂಚಿನಷ್ಟು ಕೆಳಗೆ ಬೀಳಬಹುದು, ಅಷ್ಟೆ. ಒಂದೇ ಉದ್ದದ, ಒಂದೇ ಕಾರ್ಖಾನೆಯ ಎರಡು ರೈಫಲ್‌ಗಳ ನಡುವೆಯೇ ಸೆಕೆಂಡಿಗೆ 50 ಅಡಿಯ ವ್ಯತ್ಯಾಸ ಕಂಡುಬರುವುದುಂಟು!

ಆದರೆ ಎಲ್ಲ ತೋಟಾಗಳಿಗೂ ಈ ಲೆಕ್ಕ ಹೊಂದದು. ಸಣ್ಣ ರಂಧ್ರದ ನಳಿಗೆಗೆ ಬಹಳ ಮದ್ದು ತುಂಬಿದ ಮ್ಯಾಗ್ನಮ್ ತೋಟಾಗಳಲ್ಲಿ ನಷ್ಟ ಹೆಚ್ಚು. ನಳಿಗೆ ತೀರಾ ಮೋಟಾದರೆ ಮ್ಯಾಗ್ನಮ್ ಮಾಮೂಲಿ ತೋಟಾದ ಮಟ್ಟಕ್ಕೆ ಇಳಿದು, ಸದ್ದು ಮತ್ತು ಒದೆತ ಮಾತ್ರ ಮ್ಯಾಗ್ನಮ್‌ನದಾಗಿ ಉಳಿಯುತ್ತದೆ. ಅಗಲ ರಂಧ್ರದ, ನೇರ ಕವಚದ ತೋಟಾಗಳಲ್ಲಿ ನಷ್ಟ ಕಡಿಮೆ.

ಬೆಂಗಳೂರಿನ ಕೆನೆತ್ ಆಂಡರ್ಸನ್ ನೆಚ್ಚಿಕೊಂಡಿದ್ದು ಇಂಥದೇ ಒಂದು ತೋಟಾವನ್ನು. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ‘ಕಾಡಿನ ಕತೆಗಳು’ ಓದಿದವರಿಗೆ ಆಂಡರ್ಸನ್ ಹೊಸಬರಲ್ಲ. ಅವರ ಕೈಯಲ್ಲಿರುತ್ತಿದ್ದುದು .405 ವಿಂಚೆಸ್ಟರ್. 300 ಗ್ರೇನ್‌ನ ಗುಂಡು, ವೇಗ ಸೆಕೆಂಡಿಗೆ 2,200 ಅಡಿ. ಇಂದಿನ ಲೆಕ್ಕದಲ್ಲಿ ನಿಧಾನವೇ. ಆದರೆ ಮಚಾನಿನ ಮೇಲಿಂದಲೋ ಪೊದೆಯ ಮರೆಯಿಂದಲೋ ಕೆಲವೇ ಹತ್ತು ಗಜಗಳ ದೂರಕ್ಕೆ ಹೊಡೆಯುವವನಿಗೆ ಇಪ್ಪತ್ತು ಮೂವತ್ತು ಅಡಿ ವೇಗ ಹೆಚ್ಚಾದರೇನು, ಕಡಿಮೆಯಾದರೇನು? ಬೇಕಾದದ್ದು ಗುಂಡು ಸರಿಯಾದ ಜಾಗಕ್ಕೆ ಬೀಳುವುದು.

ಮೋಟು ನಳಿಗೆಯ ನಿಜವಾದ ತೊಂದರೆ ಇರುವುದೂ ಅಲ್ಲಿಯೇ. ಸದ್ದು ಕಿವಿಗೆ ಹತ್ತಿರವಾಗುತ್ತದೆ, ಬೆಂಕಿ ಕಣ್ಣು ಕುಕ್ಕುತ್ತದೆ, ಹಗುರವಾದ ಕೋವಿ ಹೆಚ್ಚು ಒದೆಯುತ್ತದೆ. ಇದಕ್ಕೆ ಅಂಜಿದವನು ಕುದುರೆ ಎಳೆಯುವ ಕ್ಷಣದಲ್ಲಿ ಅರಿಯದೆಯೇ ಬೆಚ್ಚುತ್ತಾನೆ. ಗುಂಡು ಎದೆಗೆ ಬೀಳುವ ಬದಲು ದವಡೆಗೋ ಕಾಲಿಗೋ ಬೀಳುತ್ತದೆ. ನಾರ್ಡಿಕ್ ದೇಶಗಳಲ್ಲಿ ಮತ್ತು ನ್ಯೂಜಿಲೆಂಡಿನಲ್ಲಿ ಇಂದು ಬೇಟೆಗಾರರು ಸದ್ದು ತಗ್ಗಿಸುವ ಕೊಳವೆಯನ್ನು ಬಳಸುತ್ತಾರೆ. ಅದನ್ನು ಜೋಡಿಸಿದರೆ ಕೋವಿ ವಿಪರೀತ ಉದ್ದವಾಗುವುದರಿಂದ ನಳಿಗೆಯನ್ನೇ ಮೋಟು ಮಾಡಿಕೊಳ್ಳುತ್ತಾರೆ. ಅಲ್ಪ ವೇಗ ಬಿಟ್ಟುಕೊಟ್ಟು ನೆಮ್ಮದಿಯ ಗುರಿ ಪಡೆಯುವ ವ್ಯವಹಾರವಿದು.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಶಿಕಾರಿಯ ಕಾಲ ಮುಗಿಯಿತು. ಹಳೆಯ ರೈಫಲ್‌ಗಳ ಉದ್ದ ನಳಿಗೆಗಳು ಈಗ ನೋಡುವ ವಸ್ತುಗಳಷ್ಟೇ. ಆದರೆ ಚಂಪಾವತ್‌ನ ಹುಲಿಯ ಮುರಿದ ಹಲ್ಲು ಹೇಳುವ ಪಾಠ ಹಳೆಯದಾಗಿಲ್ಲ. ಆ ಹಲ್ಲು ಮುರಿದ ಕೋವಿಯ ನಳಿಗೆ ಎಷ್ಟು ಇಂಚಿನದಾಗಿತ್ತೆಂದು ಯಾರೂ ಬರೆದಿಟ್ಟಿಲ್ಲ. ಅದು ಇನ್ನೂ ನಾಲ್ಕು ಇಂಚು ಉದ್ದವಿದ್ದರೂ ಹುಲಿಗೆ ತಾಗಬಾರದ ಜಾಗಕ್ಕೇ ಗುಂಡು ತಾಗುತ್ತಿತ್ತು. ಅದರ ಬೆಲೆ ತೆತ್ತವರು ಹುಲ್ಲು ಕೊಯ್ಯಲು, ಸೌದೆ ಆರಿಸಲು ಕಾಡಿಗೆ ಹೋದ ಹಳ್ಳಿಗರು.