ಹಮ್ಮಿಣಿಯೇ ಔತಣ

ಪರಸ್ಥಳಕ್ಕೆ ಹೋಗಿ ಬಂದವನು ಅಲ್ಲಿಯ ಗುಡಿಗೋಪುರಗಳಿಗಿಂತ ಮೊದಲು ಊಟದ ಮಾತನ್ನೇ ತೆಗೆಯುವುದು ಲೋಕರೂಢಿ. ವಿಜಯನಗರವನ್ನು ಕಂಡ ವಿದೇಶೀಯರೂ ಇದಕ್ಕೆ ಹೊರತಲ್ಲ. ನಮ್ಮ ಶಾಸನಗಳು ದಾನದತ್ತಿಗಳನ್ನು ಎಣಿಸಿ ಹೇಳುತ್ತವೆ. ಅತಿಥಿಯ ಹೊಟ್ಟೆಗೆ ಏನು ಬಿತ್ತೆಂಬುದನ್ನು ತಿಳಿಯಲು ಅತಿಥಿಯನ್ನೇ ಕೇಳಬೇಕು.

ಹೆರಾತಿನ ಷಾರುಖ್ ದೊರೆಯ ರಾಯಭಾರಿ ಅಬ್ದುರ್ ರಜಾಕ್ ಕಲ್ಲಿಕೋಟೆಯಲ್ಲಿ ಬೇಸರದಿಂದ ದಿನ ನೂಕುತ್ತಿದ್ದಾಗ ಇಮ್ಮಡಿ ದೇವರಾಯನಿಂದ ಕರೆ ಬಂದಿತು. ಅವನು ಸಮುದ್ರಮಾರ್ಗವಾಗಿ ಮಂಗಳೂರಿಗೆ ಬಂದು, ಘಟ್ಟ ಹತ್ತಿ, 1443ರಲ್ಲಿ ರಾಜಧಾನಿಯನ್ನು ಸೇರಿದನು. ಇಳಿದುಕೊಳ್ಳಲು ಒಳ್ಳೆಯ ಬಿಡಾರ ದೊರೆಯಿತು. ದಿನವೂ ಎರಡು ಕುರಿ, ನಾಲ್ಕು ಜೊತೆ ಕೋಳಿ, 5 ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಮೇಲೆ ಎರಡು ವರಹ! ಒಬ್ಬನ ಹೊಟ್ಟೆಗಲ್ಲ, ಇಡೀ ಪರಿವಾರಕ್ಕೆ. ಆದರೂ ಗಮನಿಸಬೇಕಾದುದು ಒಂದುಂಟು: ಬಂದದ್ದೆಲ್ಲ ಪಡಿ, ಅಡಿಗೆಯಲ್ಲ.

ಇದರ ಕಾರಣವನ್ನು ದೊರೆಯೇ ತಿಳಿಸಿದನಂತೆ. ಅರಸರು ರಾಯಭಾರಿಯನ್ನು ತಮ್ಮ ಪಂಕ್ತಿಗೆ ಕರೆಯುವುದು ವಾಡಿಕೆ. ನಮ್ಮ ನಿಮ್ಮ ನಡುವೆ ಸಹಭೋಜನ ಸಲ್ಲದಾದ್ದರಿಂದ ಈ ಹಣದ ಹಮ್ಮಿಣಿಯನ್ನೇ ಔತಣವೆಂದು ತಿಳಿಯಬೇಕು, ಎಂದು ಅದರ ತಾತ್ಪರ್ಯ. ಪ್ರತಿ ಭೇಟಿಯಲ್ಲೂ ವೀಳ್ಯ, ಹಣದ ಚೀಲ, ಕರ್ಪೂರ ಸಲ್ಲುತ್ತಿದ್ದವು. ಎಲೆಯಡಿಕೆಯ ಮಡಿ ಅಡ್ಡ ಬರಲಿಲ್ಲವೆಂಬುದು ಸೋಜಿಗ. ಅತಿಥಿಯಂತೂ ವೀಳ್ಯಕ್ಕೆ ಮನಸೋತು, ಅದರ ಗುಣವನ್ನು ಧಾರಾಳವಾಗಿ ಹೊಗಳಿದ್ದಾನೆ.

ಸುಖ ಕೊನೆಯವರೆಗೆ ಉಳಿಯಲಿಲ್ಲ. ಹೊಸದಾಗಿ ಅಧಿಕಾರಕ್ಕೆ ಬಂದ ಮಂತ್ರಿಯೊಬ್ಬನು ಪಡಿಯನ್ನು ನಿಲ್ಲಿಸಿದನು. ಇವನು ನಿಜವಾದ ರಾಯಭಾರಿಯೇ ಅಲ್ಲವೆಂದು ಹೊರ್ಮುಜಿನ ವರ್ತಕರು ಗುಲ್ಲೆಬ್ಬಿಸಿದರು. ಪರದೇಶದಲ್ಲಿ ಮಾನವೂ ಅನ್ನವೂ ಒಟ್ಟಿಗೇ ಹೋಗುವ ಸಂಕಟ ಅದು. ಕಡೆಗೆ ಅವನು ಹೊನ್ನಾವರದಲ್ಲಿ ಹಡಗು ಹತ್ತಿದನು.

ಪೋರ್ಚುಗೀಸ್ ಪ್ರವಾಸಿ ಪಾಯೆಸ್ 1520ರ ಸುಮಾರಿನಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ಬಂದವನು. ಅವನಿಗೆ ಪಂಕ್ತಿಯ ಚಿಂತೆಯಿಲ್ಲ, ಪೇಟೆ ಸುತ್ತಿದನು. ಸಂಜೆಯ ಸಂತೆಯಲ್ಲಿ ನಿಂಬೆ, ಕಿತ್ತಳೆ, ದ್ರಾಕ್ಷಿ. ಶುಕ್ರವಾರದ ಸಂತೆಯಲ್ಲಿ ಹಂದಿ, ಕೋಳಿ, ಜೊತೆಗೆ ಸಮುದ್ರದ ಒಣಮೀನು. ಗುಡ್ಡಬಂಡೆಗಳ ನಡುವಿನ ಈ ಊರಿಗೆ ಕರಾವಳಿಯಿಂದ ಕುದುರೆ ಬಂದದ್ದನ್ನು ಚರಿತ್ರಕಾರರು ಬರೆಯುತ್ತಾರೆ. ಒಣಮೀನು ಬಂದದ್ದನ್ನು ಯಾರು ಬರೆದಾರು? ಮುಂದೆ ಬಂದ ಕುದುರೆ ವ್ಯಾಪಾರಿ ನೂನಿಜ್, ಪೇಟೆಯಲ್ಲಿ ಇಲಿ, ಬೆಕ್ಕು, ಹಲ್ಲಿಗಳೂ ಮಾರಾಟಕ್ಕಿದ್ದವೆನ್ನುತ್ತಾನೆ. ಕುದುರೆ ವ್ಯಾಪಾರಿಯ ಮಾತು. ವಾಚಕರು ಬೇಕಾದಷ್ಟೇ ನಂಬಬಹುದು.

ಪಾಯೆಸನು ಹೊಳೆಯ ಬಡಗಣ ದಡದ ಆನೆಗೊಂದಿಯನ್ನೂ ಮರೆಯಲಿಲ್ಲ. ಹಿಂದೆ ಇದೇ ರಾಜಧಾನಿಯಾಗಿತ್ತು, ಈಗ ಜನ ವಿರಳ ಎನ್ನುತ್ತಾನೆ. ಅಲ್ಲಿಗೆ ದಾಟಿಸುವ ದೋಣಿ ಬುಟ್ಟಿಯ ಹಾಗೆ ದುಂಡಗೆ. ಒಳಗೆ ಬೆತ್ತ, ಹೊರಗೆ ಚರ್ಮ. ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ. ನೀರಿನಲ್ಲಿ ಗಿರಗಿರನೆ ತಿರುಗುತ್ತ ಸಾಗುತ್ತದೆ. ನಮ್ಮ ಹರಿಗೋಲೇ!

ಆ ಆನೆಗೊಂದಿ ಇಂದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನ ಒಂದು ಹಳ್ಳಿ. ಹಂಪೆಯನ್ನು ನೋಡಿ ದಣಿದವರಲ್ಲಿ ಹೊಳೆ ದಾಟುವವರು ಕಡಿಮೆ. ದಾಟಿದವರಿಗೆ ಬಂಡೆಗಳ ಸಂದಿನಲ್ಲಿ ಹಸಿರು ಗದ್ದೆಗಳು ಕಾಣುತ್ತವೆ. ವಿಜಯನಗರದ ಕಾಲದ ಕಾಲುವೆಗಳು ಈ ಸೀಮೆಯಲ್ಲಿ ಇನ್ನೂ ಹರಿಯುತ್ತಿವೆ. ಅವುಗಳ ನೀರಿಗೆ ಇಂದಿಗೂ ಭತ್ತ ತೆನೆಗಟ್ಟುತ್ತದೆ.