ವಂತಿಗೆಯ ಕಾಣಿಕೆ

ಕಛೇರಿಯಲ್ಲಿ ಒಬ್ಬರಿಗೆ ವರ್ಗವಾಯಿತೆಂದರೆ, ಅಥವಾ ನಿವೃತ್ತಿಯ ದಿನವು ಸಮೀಪಿಸಿತೆಂದರೆ, ಒಂದು ಕಾಗದವು ಮೇಜಿನಿಂದ ಮೇಜಿಗೆ ಸಂಚರಿಸತೊಡಗುವುದು. ಎಡಗಡೆಯಲ್ಲಿ ಹೆಸರುಗಳು, ಬಲಗಡೆಯಲ್ಲಿ ಮೊಬಲಗು. ಮೊದಲನೆಯ ಸಾಲಿನಲ್ಲಿ ಹಿರಿಯರೊಬ್ಬರು ಬರೆದ ಅಂಕಿಯೇ ಉಳಿದವರಿಗೆಲ್ಲ ವಿಧಿಯಾಗುವುದು. ಈಚೆಗೆ ಕಾಗದದ ಸ್ಥಾನವನ್ನು ಮೊಬೈಲು ಫೋನು ಆಕ್ರಮಿಸಿರುವುದಾದರೂ ಪಟ್ಟಿಯ ಸ್ವಭಾವ ಬದಲಾಗಿಲ್ಲ. ಯಾರು ಎಷ್ಟು ಕೊಟ್ಟರು, ಯಾರು ಕೊಡಲಿಲ್ಲ ಎಂಬುದು ಈಗ ಇನ್ನೂ ಬೇಗನೆ ಎಲ್ಲರ ಕಣ್ಣಿಗೂ ಬೀಳುವುದು. ಹೊರಡುವವರು ಎಲ್ಲರಿಗೂ ಬೇಕಾದವರಾಗಿದ್ದಲ್ಲಿ ಇದರಲ್ಲಿ ವಿಚಾರಿಸತಕ್ಕದ್ದು ಏನೂ ಇಲ್ಲ. ಆದರೆ ಮನೆಯಲ್ಲಿ ಕಾಯಿಲೆಯಿದ್ದಾಗ ರಜೆಯ ಅರ್ಜಿಯನ್ನು ತಡೆದವರು, ನಮ್ಮ ಶ್ರಮವನ್ನು ತಮ್ಮದೆಂದು ಮೇಲಿನವರಿಗೆ ಒಪ್ಪಿಸಿದವರು, ದಿನವೂ ಎದುರು ಕುಳಿತು ಒಂದು ಒಳ್ಳೆಯ ಮಾತನ್ನೂ ಆಡದಿದ್ದವರು, ಇಂತಹವರಿಗಾಗಿ ಪಟ್ಟಿ ಬಂದಾಗ ಲೇಖನಿಯು ತಡೆಯುವುದು. ಕೊಡದಿದ್ದರೆ ಹೆಸರಿನ ಮುಂದೆ ಸೊನ್ನೆ. ಕೊಟ್ಟರೆ ಮನಸ್ಸಿನಲ್ಲಿ ಸುಳ್ಳು. ಈ ಸಂಕಟವು ನಮ್ಮ ಕಾಲದಲ್ಲಿ ಹುಟ್ಟಿದುದಲ್ಲ. ರಾಜ್ಯಗಳು ಇದನ್ನು ಕುರಿತು ಶಾಸನಗಳನ್ನು ಮಾಡಿರುವುವು. ಮಹಾ ವಾಗ್ಮಿಗಳು ಇದನ್ನು ಕುರಿತು ವಾದಿಸಿರುವರು. ಆ ಚರಿತ್ರೆಯ ಕೆಲವು ಘಟ್ಟಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ಮಾತುಗಳನ್ನೇ ನೋಡೋಣ. ‘ಕಾಣಿಕೆ’ಯು ‘ಕಾಣು’ ಎಂಬ ಧಾತುವಿನಿಂದ ಬಂದುದು. ದೊಡ್ಡವರನ್ನು ಕಾಣಲು ಹೋಗುವಾಗ ಬರಿಗೈಯಲ್ಲಿ ಹೋಗಬಾರದೆಂದು ಒಯ್ಯುವ ವಸ್ತು. ಅದರಲ್ಲಿ ಮೊದಲು ಇದ್ದುದು ವಿನಯ. ಆದರೆ ವಿಜಯನಗರದ ಕಾಲದ ಶಾಸನಗಳಲ್ಲಿ ತೆರಿಗೆಗಳನ್ನು ಎಣಿಸುವ ಸಾಲುಗಳಿಗೆ ಬಂದರೆ ಕಾಣಿಕೆ, ಕಡ್ಡಾಯ, ಬಿಟ್ಟಿ ಇವು ಒಂದೇ ಪಂಕ್ತಿಯಲ್ಲಿ ಕುಳಿತಿರುವುದು ಕಾಣುವುದು. ವಿನಯದಿಂದ ಕೊಟ್ಟುದು ವರುಷವರುಷವೂ ಕೊಡಬೇಕಾದುದಾಗಿ, ಕಡೆಗೆ ತೆರಿಗೆಯ ಲೆಕ್ಕಕ್ಕೆ ಸೇರಿತು. ಹೆಸರು ಮಾತ್ರ ಹಳೆಯ ಸವಿಯನ್ನು ಬಿಡಲಿಲ್ಲ. ಇದಕ್ಕಿಂತ ವಿಚಿತ್ರವಾದ ಮಾತು ‘ಮುಯ್ಯಿ’. ಮದುವೆಯ ಮನೆಯಲ್ಲಿ ಪುಸ್ತಕವನ್ನಿಟ್ಟುಕೊಂಡು ಯಾರು ಏನು ಉಡುಗೊರೆ ಮಾಡಿದರೆಂದು ಬರೆದಿಡುವುದು ಮುಯ್ಯಿ. ಹಗೆಯವನಿಗೆ ಪ್ರತೀಕಾರ ಮಾಡಿದರೆ ಅದೂ ಮುಯ್ಯಿ. ಕೊಟ್ಟುದಕ್ಕೆ ತಕ್ಕಂತೆ ಹಿಂದಿರುಗಿಸುವುದೆಂಬ ಒಂದೇ ಭಾವವು ಎರಡು ಕಡೆಯೂ ಇರುವುದು. ನಮ್ಮ ಹಿರಿಯರಿಗೆ ಸ್ನೇಹದ ಲೆಕ್ಕ ಬೇರೆ, ದ್ವೇಷದ ಲೆಕ್ಕ ಬೇರೆ ಎಂದು ತೋರಲಿಲ್ಲವೆಂದು ಕಾಣುವುದು!

ಹತ್ತಾರು ಮಂದಿ ಸೇರಿ, ತಲೆಗಿಷ್ಟೆಂದು ಹಾಕಿಕೊಂಡು, ಅಧಿಕಾರಿಗೆ ಗೌರವ ಸಲ್ಲಿಸುವ ಪದ್ಧತಿಯು ವಿಶದವಾಗಿ ಕಂಡುಬರುವುದು ರೋಮಿನ ಚರಿತ್ರೆಯಲ್ಲಿ. ಜಯಶಾಲಿಯಾದ ಸೇನಾಪತಿಗೆ ಊರುಗಳವರು ಚಿನ್ನದ ಕಿರೀಟಗಳನ್ನು ಒಪ್ಪಿಸುವುದು ಅಲ್ಲಿನ ಪೂರ್ವಾಚಾರ. ಕ್ರಮೇಣ ಕಿರೀಟವು ಹೋಗಿ ಅದರ ತೂಕದ ಚಿನ್ನವೇ ಸಾಕೆಂದಾಯಿತು. ಆಮೇಲೆ ಜಯವಿಲ್ಲದಿದ್ದರೂ ಕಿರೀಟದ ಚಿನ್ನವನ್ನು ಕೇಳುವಂತಾಯಿತು. ಕ್ರಿ. ಪೂ. 59ರಲ್ಲಿ ಜೂಲಿಯಸ್ ಸೀಸರನು ಮಾಡಿದ ಶಾಸನವು, ವಿಜಯೋತ್ಸವವು ವಿಧ್ಯುಕ್ತವಾಗಿ ಮಂಜೂರಾಗದ ಹೊರತು ಈ ಚಿನ್ನವನ್ನು ತೆಗೆದುಕೊಳ್ಳಕೂಡದೆಂದು ವಿಧಿಸಿತು. ಇಟಲಿಯ ಊರುಗಳು ತನ್ನ ವಿಜಯೋತ್ಸವಗಳಿಗೆಂದು ಸಲ್ಲಿಸಲಿದ್ದ 35,000 ಪೌಂಡು ತೂಕದ ಚಿನ್ನವನ್ನು ತಾನು ಬಿಟ್ಟುಕೊಟ್ಟೆನೆಂದು ಆಗಸ್ಟಸನು ತನ್ನ ಸಾಧನೆಗಳನ್ನು ತಿಳಿಸುವ ಶಾಸನದಲ್ಲಿ ಕೆತ್ತಿಸಿರುವನು. ಸ್ವಂತ ಇಷ್ಟದಿಂದ ಕೊಡುವ ಕಾಣಿಕೆಯಾಗಿದ್ದರೆ ಅದನ್ನು ಮನ್ನಾ ಮಾಡುವ ಪ್ರಶ್ನೆಯೇ ಇರುತ್ತಿರಲಿಲ್ಲ. ಮನ್ನಾ ಮಾಡುವುದು ಸಾಲವನ್ನು, ತೆರಿಗೆಯನ್ನು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು ವೆರ್ರೀಸನ ಕಥೆ. ಇವನು ಕ್ರಿ. ಪೂ. 73ರಿಂದ 71ರವರೆಗೆ ಸಿಸಿಲಿ ದ್ವೀಪದ ಅಧಿಪತಿಯಾಗಿದ್ದವನು. ಲೂಟಿಗಾಗಿ ಹೆಸರಾದ ಈತನಿಗೆ ಆ ದ್ವೀಪದ ಊರೂರಿನಲ್ಲಿಯೂ ಪ್ರತಿಮೆಗಳೆದ್ದುವು. ಸಿರಾಕ್ಯೂಸ್ ನಗರದಲ್ಲಿ ಅವನ ಹೆಸರಿನ ಉತ್ಸವವೇ ಪ್ರಾರಂಭವಾಯಿತು. ಕ್ರಿ. ಪೂ. 70ರಲ್ಲಿ ಅವನ ಮೇಲೆ ಆಪಾದನೆಯನ್ನು ಹೊರಿಸಿದ ಕಿಕೆರೋ ಪಂಡಿತನು ಈ ಪ್ರತಿಮೆಗಳ ಲೆಕ್ಕವನ್ನೇ ಕೈಗೆತ್ತಿಕೊಂಡನು. ವೆರ್ರೀಸನಿಂದ ನೇಮಕಗೊಂಡ, ನೂರಕ್ಕೂ ಮಿಕ್ಕಿದ ಆಸ್ತಿಗಣನೆಯ ಅಧಿಕಾರಿಗಳು ತಮ್ಮ ಮೇಲಧಿಕಾರಿಯ ಪ್ರತಿಮೆಗೆಂದು ತಲೆಗೆ ಒಂದೇ ಮೊತ್ತವನ್ನು ಹಾಕಿದ್ದರು. ಇದು ಕಛೇರಿಯ ವಂತಿಗೆಯಲ್ಲದೆ ಮತ್ತೇನು? ಒಬ್ಬನ ಮೇಲಣ ಪ್ರೀತಿಯು ಎಲ್ಲರಲ್ಲಿಯೂ ಒಂದೇ ಅಳತೆಯಲ್ಲಿ ಉಕ್ಕುವುದುಂಟೆ?

ಅಧಿಕಾರವು ಮುಗಿದೊಡನೆ ಏನಾಯಿತೆಂಬುದು ಅದಕ್ಕಿಂತ ಸ್ವಾರಸ್ಯ. ಅನೇಕ ಊರುಗಳಲ್ಲಿ ಜನರು ಆ ಪ್ರತಿಮೆಗಳನ್ನು ಉರುಳಿಸಿದರು. ಕೆಂಟುರಿಪೆ ಎಂಬ ಊರಿನವರಂತೂ ಗುಂಪುಗೂಡಿ ಕೆಡವಲಿಲ್ಲ. ಸಭೆ ಸೇರಿ, ನಿರ್ಣಯ ಮಾಡಿ, ವೆರ್ರೀಸನವು, ಅವನ ತಂದೆಯವು, ಮಗನವು ಎಲ್ಲ ಪ್ರತಿಮೆಗಳನ್ನೂ ತೆಗೆಯುವ ಕೆಲಸವನ್ನು ಕ್ರಮವಾಗಿ ಗುತ್ತಿಗೆಗೆ ಕೊಟ್ಟರು. ಮುಂದೆ ಬಂದ ಅಧಿಪತಿ ಮೆಟೆಲ್ಲಸನಿಗೆ ಇದು ಸರಿಬೀಳಲಿಲ್ಲ. ಮತ್ತೆ ನಿಲ್ಲಿಸಿರೆಂದು ಗದರಿಸಿದನು. ಅವನ ಕಷ್ಟವನ್ನು ಊಹಿಸಬಹುದು. ಹೋದವನಿಗೆ ಹೀಗಾದರೆ ನಾಳೆ ತನಗೆ ಏನಾಗುವುದೋ! ವಂತಿಗೆಯನ್ನು ಕಾಪಾಡುವವರಲ್ಲಿ ಪಡೆದವನಿಗಿಂತ ಮುಂದೆ ಪಡೆಯಬೇಕಾದವನೇ ಹೆಚ್ಚು ಆಸಕ್ತನಾಗಿರುವನೆಂಬುದನ್ನು ಈ ಸಂಗತಿಯು ಚೆನ್ನಾಗಿ ತೋರಿಸುವುದು.

ಇಂಗ್ಲೆಂಡಿನಲ್ಲಿ ನಾಲ್ಕನೆಯ ಎಡ್ವರ್ಡ್ ದೊರೆಯು 1475ರ ಫ್ರಾನ್ಸಿನ ದಂಡಯಾತ್ರೆಗೆಂದು ಧನಿಕರಿಂದ ಪಡೆದ ಹಣಕ್ಕೆ ‘ಸದ್ಭಾವ’ವೆಂದೇ ಅರ್ಥವಾಗುವ ಹೆಸರಿತ್ತು. ಮೂರನೆಯ ರಿಚರ್ಡನು 1484ರಲ್ಲಿ ಅದನ್ನು ರದ್ದುಮಾಡಿದನು. ಆದರೂ ಅದು ಮತ್ತೆ ಮತ್ತೆ ತಲೆಯೆತ್ತಿ, 1628ರ ಹಕ್ಕುಗಳ ಮನವಿಯಲ್ಲಿ ಪಾರ್ಲಿಮೆಂಟು ಅದನ್ನು ತೆರಿಗೆಯ ಪಕ್ಕದಲ್ಲಿಯೇ ಹೆಸರಿಸಬೇಕಾಯಿತು. ಈ ಕಥೆಯು ರೋಮಿನದಕ್ಕಿಂತ ಬಹಳ ಭಿನ್ನವಲ್ಲವಾದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಆ ಇಂಗ್ಲೀಷರೇ ನಮ್ಮ ದೇಶಕ್ಕೆ ವ್ಯಾಪಾರಿಗಳಾಗಿ ಬಂದಾಗ ನಜರು, ಕಾಣಿಕೆಗಳ ಸಂಪ್ರದಾಯವು ಅವರಿಗೆ ಬಹಳ ಬೇಗನೆ ಹಿಡಿಸಿತು. 1757ರ ಪ್ಲಾಸಿ ಕಾಳಗವಾದ ಮೇಲೆ ಮೀರ್ ಜಾಫರನಿಂದ ಕ್ಲೈವನೂ ಅವನ ಜೊತೆಯವರೂ ಪಡೆದ ದ್ರವ್ಯವು ಲೋಕಪ್ರಸಿದ್ಧವಾದುದು. ಅದೇ ಕ್ಲೈವನು 1765ರಲ್ಲಿ ಮತ್ತೆ ಬಂಗಾಳಕ್ಕೆ ಬಂದು, ಕಾಣಿಕೆ ಮುಟ್ಟುವುದಿಲ್ಲವೆಂಬ ಕರಾರಿಗೆ ಕುಂಪಣಿಯ ನೌಕರರಿಂದ ಸಹಿ ಹಾಕಿಸಿದನು. 1773ರ ರೆಗ್ಯುಲೇಟಿಂಗ್ ಶಾಸನವು ಗವರ್ನರ್ ಜನರಲನಿಗೂ ಅವನ ಸಭಾಸದರಿಗೂ ಕಾಣಿಕೆಯನ್ನು ನಿಷೇಧಿಸಿತು. ಈ ಎಲ್ಲ ನಿರ್ಬಂಧಗಳ ದೃಷ್ಟಿಯೂ ಪಡೆಯುವ ಕೈಯ ಮೇಲೆ ಮಾತ್ರ ಇದ್ದುದನ್ನು ವಾಚಕರು ಗಮನಿಸಬೇಕು. ಕೊಡುವವನು ಏಕೆ ಕೊಟ್ಟನು, ಅವನಿಂದ ಯಾರು ಕೊಡಿಸಿದರು ಎಂಬ ವಿಚಾರಣೆ ಅವುಗಳಲ್ಲಿಲ್ಲ.

ಆ ಪ್ರಶ್ನೆಯು ಬೇರೊಂದು ವೇಷದಲ್ಲಿ ಬಂದುದು ವಾರನ್ ಹೇಸ್ಟಿಂಗ್ಸನ ವಿಚಾರಣೆಯಲ್ಲಿ. 1788ರಲ್ಲಿ ಪ್ರಾರಂಭವಾಗಿ 1795ರಲ್ಲಿ ಅವನ ಬಿಡುಗಡೆಯೊಡನೆ ಮುಗಿದ ಈ ಮೊಕದ್ದಮೆಯ ಕಾಲದಲ್ಲಿ, ಅವನ ಆಡಳಿತವನ್ನು ಕೊಂಡಾಡುವ ಮಾನಪತ್ರಗಳು ಹಿಂದೂಸ್ಥಾನದಿಂದ ಹೋದುವು. ಮಾನಪತ್ರವೂ ವಂತಿಗೆಯೇ ಸರಿ; ಹಣಕ್ಕೆ ಬದಲಾಗಿ ಸಹಿ. ಅವನಿಗಾಗಿ ಗುಡಿಯನ್ನು ಕಟ್ಟಿರುವರೆಂಬ ವರ್ತಮಾನವೂ ಹಬ್ಬಿತು. ಇದನ್ನು ಕೇಳಿದ ಎಡ್ಮಂಡ್ ಬರ್ಕನು, ಆ ದೇಶದ ಜನರು ಬೆಳಕನ್ನೂ ಸಮೃದ್ಧಿಯನ್ನೂ ಕೊಡುವ ದೇವತೆಗಳನ್ನು ಪ್ರೀತಿಯಿಂದ ಪೂಜಿಸುವಂತೆಯೇ ಸಿಡುಬನ್ನು ತರುವ ಶಕ್ತಿಗಳನ್ನು ಭಯದಿಂದ ಪೂಜಿಸುವರು, ಹೇಸ್ಟಿಂಗ್ಸನಿಗೆ ಆ ಎರಡನೆಯ ಸಾಲಿನಲ್ಲಿ ಸ್ಥಾನವಿರುವುದನ್ನು ತಾನು ಅಲ್ಲಗಳೆಯೆನು ಎಂಬ ಅಭಿಪ್ರಾಯದಲ್ಲಿ ಉತ್ತರಿಸಿದನೆಂದು ಮೆಕಾಲೆಯು 1841ರ ತನ್ನ ಪ್ರಬಂಧದಲ್ಲಿ ಹೇಳಿರುವನು. ಚತುರವಾದ ಉತ್ತರ, ಆದರೆ ನಮ್ಮ ಹಳ್ಳಿಯವರು ಮಾರಮ್ಮನನ್ನು ‘ಅಮ್ಮ’ನೆಂದೇ ಕರೆಯುವರೆಂಬುದು ಬರ್ಕನಿಗೆ ತಿಳಿದಿರಲಾರದು. ಅಲ್ಲಿ ಭಯದ ಜೊತೆಗೆ ನಂಟೂ ಇದೆ. ಹಾಗೆ ನೋಡಿದರೆ ಹೇಸ್ಟಿಂಗ್ಸನಿಗಿಂತ ಮಾರಮ್ಮನಿಗೇ ಅನ್ಯಾಯವಾಯಿತು.

ಪಡೆಯುವ ಕೈಯನ್ನು ಬಿಟ್ಟು, ಪಟ್ಟಿಯನ್ನು ಹಿಡಿದು ಬರುವ ಕೈಯನ್ನು ಕಾನೂನು ಸ್ಪಷ್ಟವಾಗಿ ತಡೆದುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. ಅಧ್ಯಕ್ಷ ಗ್ರಾಂಟನ ಕಾಲದಲ್ಲಿ, 1870ರ ಫೆಬ್ರವರಿ 1ರಂದು, ಅಲ್ಲಿ ಒಂದು ಪುಟ್ಟ ಶಾಸನವಾಯಿತು. ಸರ್ಕಾರದ ಯಾವ ನೌಕರನೂ ತನ್ನ ಮೇಲಧಿಕಾರಿಗೆ ಉಡುಗೊರೆ ಕೊಡುವುದಕ್ಕಾಗಿ ಇತರ ನೌಕರರಿಂದ ವಂತಿಗೆಯನ್ನು ಕೇಳಕೂಡದು. ತನಗಿಂತ ಕಡಿಮೆ ಸಂಬಳದವರು ಕೂಡಿಸಿ ಕೊಟ್ಟುದನ್ನು ಯಾವ ಮೇಲಧಿಕಾರಿಯೂ ತೆಗೆದುಕೊಳ್ಳಕೂಡದು. ಯಾರೂ ತಮ್ಮ ಮೇಲಧಿಕಾರಿಗೆ ಸ್ವತಃ ಕೊಡಲೂಕೂಡದು. ತಪ್ಪಿದವರಿಗೆ ತತ್‌ಕ್ಷಣ ಕೆಲಸದಿಂದ ವಜಾ. ಆಗ ವಾಷಿಂಗ್‌ಟನ್ನಿನ ಗುಮಾಸ್ತನ ಅನ್ನವು ಮೇಲಿನವರ ಮರ್ಜಿಯಲ್ಲಿತ್ತು. ಪರೀಕ್ಷೆಯಿಂದ ಕೆಲಸ ಕೊಡುವ ಪೆಂಡಲ್‌ಟನ್ ಶಾಸನವು ಬಂದುದು 1883ರಲ್ಲಿ, ಅಂದರೆ ಹದಿಮೂರು ವರ್ಷಗಳು ಕಳೆದ ಮೇಲೆ. ಇಂತಹ ಸ್ಥಿತಿಯಲ್ಲಿ ಪಟ್ಟಿಯು ಮುಂದೆ ಬಂದಾಗ ‘ಇಲ್ಲ’ವೆನ್ನುವ ಧೈರ್ಯವು ಯಾವ ಸಂಸಾರಸ್ಥನಿಗೆ ಬಂದೀತು? ಶಾಸನವು ಆ ಧೈರ್ಯವನ್ನು ಅವನಿಂದ ನಿರೀಕ್ಷಿಸದೆ, ಕೇಳುವವನ ಬಾಯನ್ನೇ ಕಟ್ಟಿತು. ಇದು ಬಹಳ ವಿವೇಕದ ಕೆಲಸವೆಂದು ನನ್ನ ಅಭಿಪ್ರಾಯ.

ಕಾಲಾಂತರದಲ್ಲಿ ಅಲ್ಲಿಯೂ ಬಿಗಿಯು ಸಡಿಲವಾಗಿರುವುದು. 1993ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಮೇಲಧಿಕಾರಿಗೆ ನಿವೃತ್ತಿಯಂತಹ ವಿಶೇಷ ಸಂದರ್ಭದಲ್ಲಿ ಅಲ್ಪ ಮೊತ್ತವನ್ನು ಕೂಡಿಸಬಹುದು. ಆದರೆ ಇಷ್ಟೆಂದು ಸೂಚಿಸುವವನು, ಅದಕ್ಕಿಂತ ಕಡಿಮೆ ಕೊಡಬಹುದು, ಏನನ್ನೂ ಕೊಡದೆಯೂ ಇರಬಹುದು ಎಂಬ ಮಾತನ್ನು ಜೊತೆಯಲ್ಲಿಯೇ ಹೇಳಬೇಕು.

ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರದ ನೌಕರರ 1964ರ ನಡವಳಿಕೆಯ ನಿಯಮಗಳು ಇದೇ ಮಾರ್ಗವನ್ನು ಹಿಡಿದಿವೆ. ಅವುಗಳಲ್ಲಿ 14ನೆಯ ನಿಯಮವು ನೌಕರರ ಗೌರವಾರ್ಥವಾದ ಸಭೆ, ಮಾನಪತ್ರಗಳನ್ನು ಪೂರ್ವಾನುಮತಿಯಿಲ್ಲದೆ ಒಪ್ಪಕೂಡದೆಂದು ಹೇಳಿ, ವರ್ಗ ಅಥವಾ ನಿವೃತ್ತಿಯ ಸಮಯದ ಖಾಸಗಿಯಾದ, ಆಡಂಬರವಿಲ್ಲದ ಬೀಳ್ಕೊಡುಗೆಯ ಕೂಟವನ್ನು ಬಿಟ್ಟಿರುವುದು. ಅದರ ಕೆಳಗೆ ಒಂದು ಟಿಪ್ಪಣಿಯಿದೆ. ಅಂತಹ ಖಾಸಗಿ ಕೂಟಕ್ಕೂ ವಂತಿಗೆ ಕೊಡೆಂದು ಯಾವ ನೌಕರನ ಮೇಲೂ ಯಾವ ವಿಧವಾದ ಒತ್ತಾಯವನ್ನಾಗಲಿ ಪ್ರಭಾವವನ್ನಾಗಲಿ ಬೀರುವುದು ನಿಷಿದ್ಧ. ಮೂರನೆಯ ಮತ್ತು ನಾಲ್ಕನೆಯ ದರ್ಜೆಯವರಿಂದ, ಆ ದರ್ಜೆಗಳಿಗೆ ಸೇರದ ಅಧಿಕಾರಿಯ ಸತ್ಕಾರಕ್ಕಾಗಿ ಹಣವೆತ್ತುವುದು ಯಾವ ಸಂದರ್ಭದಲ್ಲಿಯೂ ನಿಷಿದ್ಧ. ‘ಯಾವ ಸಂದರ್ಭದಲ್ಲಿಯೂ’ ಎಂಬ ಮಾತಿನ ಬೆಲೆಯು ಜವಾನನಿಗೆ ಗೊತ್ತು. ಸಂತೋಷದಿಂದ ಕೊಡುತ್ತೇನೆಂದು ಅವನೇ ಹೇಳಿದರೂ ತೆಗೆದುಕೊಳ್ಳುವಂತಿಲ್ಲ. ಏಕೆಂದರೆ ಅವನ ಸಂತೋಷವನ್ನು ಪರೀಕ್ಷಿಸುವ ಸಾಧನ ಯಾರಲ್ಲಿಯೂ ಇಲ್ಲ. ಈ ಟಿಪ್ಪಣಿಯನ್ನು ಓದಿರುವವರು ಎಷ್ಟು ಮಂದಿ ಎಂಬುದು ಬೇರೆಯ ಮಾತು. ಬೀಳ್ಕೊಡುಗೆಯ ಗಡಿಯಾರಗಳನ್ನೂ ಬೆಳ್ಳಿಯ ತಟ್ಟೆಗಳನ್ನೂ ನೋಡಿದರೆ ಬಹಳ ಮಂದಿ ಇರಲಾರರೆಂದು ತೋರುವುದು.

ಇನ್ನು ಉಳಿದುದು ಸಮಾನರ ಮಾತು. ಗುಮಾಸ್ತನಿಗೆ ಗುಮಾಸ್ತನಲ್ಲಿ ಆಗದಿದ್ದರೆ ಆ ವಿಷಯದಲ್ಲಿ 1870ರ ಶಾಸನವು ಮೌನವಾಗಿದೆ. 1964ರ ಟಿಪ್ಪಣಿಯು ಒತ್ತಾಯ ಬೇಡವೆನ್ನುವುದೇ ಹೊರತು ಕೊಡಬೇಕೋ ಬೇಡವೋ ಹೇಳದು. ಇಲ್ಲಿ ಮುಯ್ಯಿಯ ಧರ್ಮವೇ ಸರಿಯೆಂದು ನನಗೆ ತೋರುವುದು. ಮದುವೆಯ ಮನೆಯಲ್ಲಿ ಮುಯ್ಯಿ ಹಾಕುವವರು ಎಲ್ಲರೂ ಮದುಮಗನನ್ನು ಮೆಚ್ಚಿದವರಲ್ಲ. ಎಷ್ಟೋ ಮಂದಿ ದಾಯಾದಿಗಳು, ಬೇಲಿಯ ವಿಷಯದಲ್ಲಿ ಮಾತು ಬಿಟ್ಟವರು. ಅವರು ಕೊಡುವುದು ಮನುಷ್ಯನಿಗಲ್ಲ, ಊರಿನ ಸಂಬಂಧಕ್ಕೆ. ನಾಳೆ ತಮ್ಮ ಮನೆಯ ಚಪ್ಪರಕ್ಕೂ ಅದೇ ಊರು ಬರಬೇಕು. ಅಷ್ಟನ್ನು ಕೊಟ್ಟು, ಊಟಮಾಡಿ, ಹೊಗಳದೆ ಎದ್ದುಬರುವರು. ಅದನ್ನು ಯಾರೂ ಕಪಟವೆನ್ನರು. ಕಛೇರಿಯಲ್ಲಿಯೂ ಮನಸ್ಸಿಗೆ ಬಾರದ ಸಹೋದ್ಯೋಗಿಗೆ ತನ್ನ ಪಾಲನ್ನು ಹಾಕಿ, ಅಭಿನಂದನೆಯ ಹಾಳೆಯಲ್ಲಿ ಹೆಸರನ್ನು ಮಾತ್ರ ಬರೆದು, ಸಭೆಯಲ್ಲಿ ಭಾಷಣಕ್ಕೆ ಕರೆದರೆ ಇನ್ನೊಬ್ಬರಿಗೆ ಬಿಟ್ಟುಕೊಡಬಹುದು. ಕೈಯಲ್ಲಿ ಕಾಸಿಲ್ಲದ ತಿಂಗಳಿನಲ್ಲಿ ಏನೂ ಹಾಕದಿರಬಹುದು. ಆದರೆ ಇವೆಲ್ಲ ಸಾಧ್ಯವಾಗಬೇಕಾದರೆ ಹಣವೆತ್ತುವವರು ಹೆಸರಿನ ಪಟ್ಟಿಯನ್ನು ಬಿಟ್ಟು, ಮುಚ್ಚಿದ ಲಕೋಟೆಯೊಂದನ್ನು ಮೇಜುಗಳ ಮೇಲೆ ಸುತ್ತಿಸಬೇಕು. ಒಳಗೆ ನೋಟು ಹಾಕಿದವರು ಯಾರು, ಬರಿಗೈಯನ್ನು ಹಾಕಿ ತೆಗೆದವರು ಯಾರು ಎಂಬುದು ಲಕೋಟೆಯೊಂದಕ್ಕೇ ತಿಳಿದಿರಲಿ.